ಎರಡು ಎತ್ತಿ, ಇಪ್ಪತ್ತು ಮಣಿ

ನಾನು ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಬ್ಯಾಡಗಿಯ ಹೈಸ್ಕೂಲಿನ ಮೈದಾನದಲ್ಲಿ ಎಷ್ಟು ಹುಡುಗರನ್ನು ಓಡಿಸಿದೆನೋ, ಎಷ್ಟು ಬಸ್ಕಿ ಹೊಡೆಸಿದೆನೋ ಲೆಕ್ಕವಿಲ್ಲ. ನಡುವೆ ನಿಂತವನಿಗೆ ಬೆತ್ತದ ರುಚಿ ತೋರಿಸದೆ ಬಿಟ್ಟದ್ದಿಲ್ಲ. ಕರಬಸಪ್ಪ ಮಾಸ್ತರ ಎಂದರೆ ಈಗಲೂ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತ ಐವತ್ತು ವರ್ಷದ ಸಾಹುಕಾರ ಎದ್ದು ನಿಲ್ಲುತ್ತಾನೆ. ಗೌರವದಿಂದ ಎಂದು ನಾನು ತಿಳಿದಿದ್ದೇನೆ; ಹಳೆಯ ಅಂಜಿಕೆಯಿಂದ ಎಂದು ನನ್ನ ಹೆಂಡತಿ ಮರಿಯವ್ವ ಹೇಳುತ್ತಾಳೆ. ಇಂಥ ನನಗೆ, ರಿಟೈರ್ ಆದ ಮೇಲೆ, ನನ್ನದೇ ವಿದ್ಯೆಯಲ್ಲಿ ಪಾಠ ಹೇಳಿದವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಗುಲಾಬಬಿ. ಆಕೆಯ ಬಗ್ಗೆ ಬರೆಯಬೇಕೆಂದು ಎಂಟು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಸೋಲನ್ನು ಬರೆಯಲು ಯಾರಿಗೂ ಕೈ ಲಗು ಏಳುವುದಿಲ್ಲ.

ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿ ನಮ್ಮದು. ಸುಗ್ಗಿಯಲ್ಲಿ ಬಂದ ನೆಂಟರು ಘಾಟಿಗೆ ಸೀನಿ ಸೀನಿ ಮರುದಿನವೇ ಊರು ಬಿಡುತ್ತಾರೆ; ನಮಗೆ ಆ ಘಾಟು ಇಲ್ಲದಿದ್ದರೆ ಊಟ ಸೇರುವುದಿಲ್ಲ. ಮಧ್ಯಾಹ್ನದ ಬಿಸಿಲು ಅಂಗಳಗಳಲ್ಲಿ ಹರವಿದ ಕಾಯಿಯ ಮೇಲೆ ಬಿದ್ದು, ಗೋಡೆ, ಗಿಡ, ಮಲಗಿದ ನಾಯಿ ಎಲ್ಲವೂ ಸ್ವಲ್ಪ ಸ್ವಲ್ಪ ಕೆಂಪಾಗಿ ಕಾಣುವ ಒಂದು ಹೊತ್ತು ಇರುತ್ತದೆ. ಗುಲಾಬಬಿಯನ್ನು ನೆನೆಸಿಕೊಂಡಾಗಲೆಲ್ಲ ನನಗೆ ಆ ಹೊತ್ತೇ ಕಣ್ಣಿಗೆ ಬರುತ್ತದೆ.

ಆಕೆ ಹುಟ್ಟಿದ್ದು ಕುಪ್ಪೇಲೂರಿನಲ್ಲಿ. ಹದಿನಾರಕ್ಕೆ ಬ್ಯಾಡಗಿಗೆ ಸೊಸೆಯಾಗಿ ಬಂದಳು. ಗಂಡ ಗೂಡುಸಾಬ ಪೇಟೆಯಲ್ಲಿ ಚಕ್ಕಡಿ ಹೊಡೆಯುತ್ತಿದ್ದ, ಒಳ್ಳೆಯ ಮನುಷ್ಯ, ಬೇಗ ತೀರಿಕೊಂಡ. ಮನೆಯಲ್ಲಿ ಈಗ ಸೊಸೆ ಬಿಸ್ಮಿಲ್ಲಾಬಿ ಮತ್ತು ಮಗ. ಗುಲಾಬಬಿಗೆ ಹೊಟ್ಟೆಪಾಡಿನ ಕೆಲಸ ಮೆಣಸಿನಕಾಯಿಯದಾದರೆ, ಅತ್ತೆಯಿಂದ ಬಂದ ಇನ್ನೊಂದು ಕೆಲಸವೂ ಇತ್ತು. ಅವರ ಜನದಲ್ಲಿ ಹೆಂಗಸು ಯಾರೇ ತೀರಿಕೊಂಡರೂ ಹೂಳುವ ಮೊದಲು ಹೆಂಗಸರೇ ಕೊನೆಯ ಸ್ನಾನ ಮಾಡಿಸಬೇಕು. ಗುಸಲ್ ಎನ್ನುತ್ತಾರೆ. ಬ್ಯಾಡಗಿಯಲ್ಲಿ ಆ ನೀರು ಹಾಕುವ ಕೈ ಗುಲಾಬಬಿಯದು. ರಾಣೆಬೆನ್ನೂರು, ಹಾವೇರಿಗಳಿಂದಲೂ ಕರೆ ಬರುತ್ತಿತ್ತು. ಒಂದು ಪೈಸೆ ಮುಟ್ಟುತ್ತಿರಲಿಲ್ಲ.

ಅದು ಬರೀ ನೀರು ಹಾಕುವ ಕೆಲಸವಲ್ಲ. ಹಲಗೆಯ ಮೇಲೆ ಮಲಗಿಸಿದ ದೇಹವನ್ನು ಎಡಕ್ಕೆ ಹೊರಳಿಸಬೇಕು, ಬಲಕ್ಕೆ ಹೊರಳಿಸಬೇಕು. ಬೆನ್ನ ಕೆಳಗೆ ತೋಳು ಕೊಟ್ಟು ಎತ್ತಿ ಅರೆ ಕುಳ್ಳಿರಿಸಿ, ಮೆಲ್ಲಗೆ ಹೊಟ್ಟೆ ಸವರುವ ತನಕ ಹಿಡಿದಿರಬೇಕು. ಆಮೇಲೆ ಸದ್ದಿಲ್ಲದೆ ಇಳಿಸಬೇಕು. ಸತ್ತವರಿಗೂ ನೋವಾಗುತ್ತದೆ, ಬದುಕಿದ್ದವರಿಗೆ ಆಗುವಷ್ಟೇ ಆಗುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಗುಲಾಬಬಿ ದೇಹದ ಜೊತೆ ಮಾತಾಡುತ್ತಲೇ ನೀರು ಹಾಕುತ್ತಿದ್ದಳಂತೆ. ಬೆಚ್ಚಗದಾವ ನೀರು, ಅಂಜಬ್ಯಾಡವ್ವಾ, ಈಗ ಹೊರಳಸತೇನಿ ಎಂದು ಹೇಳಿ ಹೇಳಿ ಹೊರಳಿಸುತ್ತಿದ್ದಳಂತೆ.

ಎಂಬತ್ತೇಳರ ಮಳೆಗಾಲದಲ್ಲಿ ಆಕೆಗೆ ಟೈಫಾಯ್ಡ್ ಬಂತು. ಎರಡು ತಿಂಗಳು ಹಾಸಿಗೆ ಹಿಡಿದಳು. ಎದ್ದಾಗ ತೋಳುಗಳಲ್ಲಿ ಮಾಂಸವೇ ಇರಲಿಲ್ಲ. ವಯಸ್ಸು ಅರವತ್ತನಾಲ್ಕು, ಹೋದ ಮಾಂಸ ಆ ವಯಸ್ಸಿನಲ್ಲಿ ತಾನಾಗಿ ತಿರುಗಿ ಬರುವುದಿಲ್ಲ. ದೀಪಾವಳಿಯ ಸುಮಾರಿಗೆ ರಾಣೆಬೆನ್ನೂರಿನಿಂದ ಕರೆ ಬಂತು. ಸೊಸೆ ಬೇಡವೆಂದರೂ ಹೋದಳು. ದೇಹವನ್ನು ಅರೆ ಎತ್ತಿದ್ದಾಗ ಆಕೆಯ ತೋಳು ಸೋತು, ಸತ್ತವಳ ತಲೆ ಜಾರಿ ಹಲಗೆಗೆ ಬಡಿಯಿತು. ಅಲ್ಲೇ ನಿಂತಿದ್ದ ಆ ತಾಯಿಯ ಮಗಳು ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೆ ಬದುಕುತ್ತಿದ್ದೆ ಎಂದು ಗುಲಾಬಬಿ ಎಷ್ಟೋ ದಿನದ ಮೇಲೆ ಮರಿಯವ್ವನ ಹತ್ತಿರ ಹೇಳಿದಳು. ಸತ್ತವಳ ಕಿವಿಯಲ್ಲಿ ಮಾಫಿ ಕೇಳಿ, ಕೆಲಸ ಮುಗಿಸಿ, ಸಂಜೆಯ ರೈಲಿಗೆ ತಿರುಗಿ ಬಂದಳು. ಆಮೇಲೆ ಯಾರು ಕರೆದರೂ ಬಿಸ್ಮಿಲ್ಲಾಬಿಯನ್ನು ಕಳಿಸತೊಡಗಿದಳು.

ಎಲ್ಲರೂ ಒಪ್ಪಿಕೊಂಡರು. ಒಬ್ಬಳು ಒಪ್ಪಲಿಲ್ಲ. ಅವಳು ಖತೀಜಾಬಿ.

ಖತೀಜಾಬಿ ಎರಡು ಓಣಿ ಆಚೆ ಇದ್ದ ದರ್ಜಿಯ ವಿಧವೆ. ಅಗಡಿಯ ಹೆಣ್ಣು. ಗುಲಾಬಬಿ ಸೊಸೆಯಾಗಿ ಬಂದ ವರ್ಷವೇ ಇವಳೂ ಬಂದದ್ದು. ಅಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ದೊಡ್ಡ ಆಳು. ಓಣಿಯಲ್ಲಿ ಅವಳು ಬಂದರೆ ಸೈಕಲ್ಲಿನವರು ಇಳಿದು ನಿಲ್ಲಬೇಕು. ಹಾಗೆಂದು ಅವಳೇ ಹೇಳಿ ಅವಳೇ ನಗುತ್ತಿದ್ದಳು. ಅವಳಿಗೆ ಎದೆಬೇನೆ ಇತ್ತು. ಕಾಲು ಬಾಯುತ್ತಿದ್ದವು. ಹಾವೇರಿಯ ಡಾಕ್ಟರು ಹೆಚ್ಚು ದಿನ ಕೊಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದು ಮಾತು ಕೊಟ್ಟುಕೊಂಡಿದ್ದರು: ಯಾರು ಮುಂದೆ ಹೋಗುತ್ತಾರೋ ಅವರಿಗೆ ಉಳಿದವಳು ನೀರು ಹಾಕಬೇಕು, ಬೇರೆ ಕೈ ಮುಟ್ಟಬಾರದು. ಖತೀಜಾಬಿಗೆ ಈ ಹಟ ಯಾಕೆ ಎಂದು ನಾನು ಎಂದೂ ಕೇಳಲಿಲ್ಲ, ಗುಲಾಬಬಿ ಹೇಳಲೂ ಇಲ್ಲ. ನೀರು ಹಾಕುವವರು ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂಬ ನೇಮ ಅವರದು. ಬಹುಶಃ ಬದುಕಿದ್ದಾಗ ಕಂಡದ್ದಕ್ಕೂ ಅದೇ ನೇಮ.

ಎಂಬತ್ತೆಂಟರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಗುಲಾಬಬಿ ನಮ್ಮ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದಳು.

"ಮಾಸ್ತರ್ರ, ನೀವು ಕಡ್ಡಿಯಂಥಾ ಹುಡುಗರನ್ನ ಪೈಲವಾನ್ರನ್ನ ಮಾಡೀರಿ. ನನ್ನ ತೋಳಿಗೆ ತಿರುಗಿ ತಾಕತ್ತು ಬರತೈತೇನ್ರಿ?"

ನಾನು ನಕ್ಕುಬಿಟ್ಟೆ. "ಬೀಬಕ್ಕಾ, ಈ ವಯಸ್ಸಿನ್ಯಾಗ ಯಾವ ಕುಸ್ತಿಗೆ ಇಳೀತೀರಿ?"

ಆಕೆ ನಗಲಿಲ್ಲ. "ಒಬ್ಬಾಕಿನ್ನ ಎತ್ತಬೇಕ್ರಿ. ಒಂದ ಸಲ. ತಲಿ ಬೀಳಬಾರದು."

ಒಳಗಿನಿಂದ ಮರಿಯವ್ವ ಲಟ್ಟಣಿಗೆ ಹಿಡಿದುಕೊಂಡೇ ಬಂದು ನನ್ನನ್ನು ನೋಡಿದ ನೋಟಕ್ಕೆ ನನ್ನ ನಗೆ ನಿಂತಿತು. ಮೂರು ತಿಂಗಳಲ್ಲಿ ಮಾಡಿ ತೋರಿಸುತ್ತೇನೆ ಎಂದು ಹೇಳಿದೆ. ಬಾಯಿ ನನ್ನದು ಯಾವಾಗಲೂ ಒಂದು ಮೊಳ ಮುಂದೆ.

ಗೋಣಿಚೀಲದಲ್ಲಿ ಹತ್ತು ಕಿಲೋ ಜೋಳ ತುಂಬಿ, ಮನುಷ್ಯರ ಮೈಯಷ್ಟು ಉದ್ದಕ್ಕೆ ಹೊಲಿಸಿದೆ. ಆಕೆಯ ಅಂಗಳದ ಬೇವಿನ ಗಿಡದ ಕೆಳಗೆ ಹಲಗೆ ಹಾಕಿ ಅದನ್ನು ಮಲಗಿಸಿದೆವು. ಚೀಲದ ಕೆಳಗೆ ತೋಳು ಕೊಟ್ಟು, ಒಂದು ತುದಿಯನ್ನು ಎತ್ತಿ ಕುಳ್ಳಿರಿಸಬೇಕು, ಐದು ಎಣಿಸುವ ತನಕ ಹಿಡಿಯಬೇಕು, ಇಳಿಸಬೇಕು. ಒಂದೇ ದಮ್ಮಿನಲ್ಲಿ ಹನ್ನೆರಡು ಸಲ. ಆಮೇಲೆ ನೀರು ಕುಡಿದು ಮತ್ತೆ ಹನ್ನೆರಡು. ನಾನು ಗೋಡೆಯ ಈಚೆ ನಿಂತು ಮೈದಾನಕ್ಕೆ ಕೇಳುವ ದನಿಯಲ್ಲಿ ಎಣಿಸುತ್ತಿದ್ದೆ. ನಡುವೆ ನಿಂತರೆ, "ನಿಲ್ಲಬ್ಯಾಡ್ರಿ! ನಿಂತರ ತಾಕತ್ತು ಇಳೀತೈತಿ!" ಎಂದು ಕೂಗುತ್ತಿದ್ದೆ. ಓಣಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಮೊದಲ ಹದಿನೈದು ದಿನ ಚೆನ್ನಾಗಿ ನಡೆಯಿತು. ಹದಿನೈದು ಕಿಲೋಕ್ಕೆ ಏರಿಸಿದ ಮೇಲೆ ತೊಡಕು ಹತ್ತಿತು. ನಾಲ್ಕರ ತನಕ ಸರಿ; ಆರಕ್ಕೆ ತೋಳು ನಡುಗುವುದು; ಎಂಟಕ್ಕೆ ಚೀಲ ಕೈಬಿಟ್ಟು ಹಲಗೆಯ ಮೇಲೆ ಧೊಪ್ಪೆಂದು ಬೀಳುವುದು. ಬಿದ್ದಾಗಲೆಲ್ಲ ಆಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ವಾರ ಹೀಗೇ ಆಯಿತು. ಒಂದು ದಿನ ಆಕೆ ಚೀಲದ ಪಕ್ಕದಲ್ಲೇ ಕುಳಿತು ನನ್ನನ್ನು ನೋಡಿ ಕೇಳಿದಳು:

"ಮಾಸ್ತರ್ರ, ನೀವು ನನಗ ಎತ್ತೂದು ಕಲಸಾಕತ್ತೀರೋ, ಕೆಡವೂದು ಕಲಸಾಕತ್ತೀರೋ?"

ನನಗೆ ಮೈ ಉರಿಯಿತು. "ಹನ್ನೆರಡು ಆಗಾಕಬೇಕು, ಬೀಬಕ್ಕಾ. ದಮ್ಮು ಹಿಡೀರಿ."

"ಹನ್ನೆರಡು ಆಗತಾವ್ರಿ. ನಡುವ ಕುಂದರಾಕ ಬಿಡ್ರಿ. ರಂಜಾನ್ ತಿಂಗಳಾಗ ತರಾವೀಹ್ ನಮಾಜು ಇಪ್ಪತ್ತು ರಕಾತು. ಬಗ್ಗೂದು, ಏಳೂದು, ಇಪ್ಪತ್ತು ಸಲ. ಒಂದ ದಮ್ಮಿಗೆ ಮಾಡು ಅಂದ್ರ ಯಾವ ಮುದುಕಿ ಮಾಡ್ಯಾಳ್ರಿ? ನಾಲ್ಕಕ್ಕೊಮ್ಮೆ ಕುಂತು ಎದ್ದರ ಎಂಬತ್ತರ ಮುದುಕೀನೂ ಮಾಡತಾಳ."

"ನಮಾಜು ಬ್ಯಾರೆ, ವ್ಯಾಯಾಮ ಬ್ಯಾರೆ" ಎಂದು ಹೇಳಿ ನಾನು ಮನೆಗೆ ಬಂದೆ. ಎರಡು ದಿನ ಗೋಡೆಯ ಹತ್ತಿರವೂ ಹೋಗಲಿಲ್ಲ. ಉಳಿದವರು ಕೇಳುವುದಕ್ಕೆ, ನಾನು ಹೇಳುವುದಕ್ಕೆ ಎಂದು ಮೂವತ್ತೊಂದು ವರ್ಷ ತಿಳಿದವನ ಸಿಟ್ಟು ಅದು.

ಮೂರನೆಯ ದಿನ ಮಧ್ಯಾಹ್ನ ಉಂಡು ಹೊರಸಿನ ಮೇಲೆ ಅಡ್ಡಾಗಿದ್ದೆ. ಓಣಿ ಪೂರ್ತಿ ಮಲಗಿತ್ತು. ದೂರದಲ್ಲಿ ಸ್ಟೇಷನ್ನಿನ ಕಡೆ ಒಂದು ಗೂಡ್ಸ್ ಗಾಡಿ ನಿಧಾನವಾಗಿ ಬರುತ್ತಿತ್ತು. ಗೋಡೆಯ ಆಚೆಯಿಂದ ಸಣ್ಣ ಉಸಿರಿನ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ ಉಸಿರು. ತಡೆಯಲಾರದೆ ಎದ್ದು ಇಣುಕಿದೆ. ಗುಲಾಬಬಿ ಎರಡು ಸಲ ಎತ್ತಿದಳು. ಆಮೇಲೆ ಚೀಲದ ಪಕ್ಕದಲ್ಲಿ ಕುಳಿತು, ಕೈಯಲ್ಲಿ ತಸ್ಬೀ ಹಿಡಿದು, ಮಣಿ ಒಂದೊಂದಾಗಿ ಸರಿಸಿದಳು. ಬೇವಿನ ಗಿಡದ ನೆರಳು ಆಕೆಯ ಮೇಲೆ ಆಡುತ್ತಿತ್ತು. ಆಕೆ ಅಲ್ಲಿ ಇದ್ದಳೋ, ಕುಪ್ಪೇಲೂರಿನ ಯಾವುದೋ ಬಾವಿಯ ಕಟ್ಟೆಯ ಮೇಲೆ ಇದ್ದಳೋ ಹೇಳಲಾಗದ ಮುಖ. ಇಪ್ಪತ್ತು ಮಣಿ ಆದ ಮೇಲೆ ಎದ್ದು ಮತ್ತೆ ಎರಡು ಎತ್ತಿದಳು. ಮತ್ತೆ ಇಪ್ಪತ್ತು ಮಣಿ. ಹೀಗೆ ಹನ್ನೆರಡು. ಹನ್ನೆರಡನೆಯ ಸಲವೂ ಚೀಲ ಹಲಗೆಗೆ ತಾಗಿದ ಸದ್ದು ನನಗೆ ಕೇಳಿಸಲಿಲ್ಲ.

ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅಕ್ಕಿಯ ಚೀಲವನ್ನು ನಾನೇ ಎತ್ತಿ ನೋಡಿದೆ. ನನಗೂ ಐವತ್ತೊಂಬತ್ತು. ಒಂದೇ ದಮ್ಮಿಗೆ ಹನ್ನೆರಡು ಎತ್ತಿದಾಗ ಏಳರಿಂದ ಮುಂದೆ ಎತ್ತಿದ್ದಲ್ಲ, ಎಸೆದದ್ದು. ಮರುದಿನ ಎರಡೆರಡಾಗಿ ಎತ್ತಿದೆ. ಕೊನೆಯದೂ ಮೊದಲಿನಷ್ಟೇ ನೆಟ್ಟಗೆ ಬಂತು, ಮೇಲಾಗಿ ಎದ್ದ ಮೇಲೆ ಸೊಂಟ ಹಿಡಿಯಲಿಲ್ಲ. ಬಾಗಿಲ ಸಂದಿಯಿಂದ ಮರಿಯವ್ವ ನೋಡುತ್ತಿದ್ದಳು. "ಯಾರ್ದು ನಮಾಜು ನಡದೈತಿ ಇಲ್ಲೆ?" ಎಂದಳು.

ಸೋತೆ ಎಂದು ಗೋಡೆಯ ಹತ್ತಿರ ಹೋಗಿ ಹೇಳಿದೆ. ಹೇಳಿದ ಮೇಲೆ ಹಗುರಾಯಿತು. ಹುಡುಗರು ನಡುವೆ ನಿಂತರೆ ಅದು ಬಹುಮಟ್ಟಿಗೆ ಸೋಮಾರಿತನ. ಮುದಿ ಮೈಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲಿ ವರತೆ ತೋಡುತ್ತಾರಲ್ಲ, ಎರಡು ಕೊಡ ಮೊಗೆದರೆ ತಳ ಕಾಣುತ್ತದೆ; ನೀರಿಲ್ಲ ಎಂದು ಎದ್ದು ಹೋಗುವವನು ದಡ್ಡ. ಚಣ ಕುಳಿತರೆ ಮತ್ತೆ ಎರಡು ಕೊಡ ಒಸರುತ್ತದೆ. ಇದು ಯಾವ ಪುಸ್ತಕದಲ್ಲಿದೆಯೋ ನನಗೆ ಗೊತ್ತಿಲ್ಲ, ಎಲ್ಲರ ಮೈಗೂ ಹೊಂದುತ್ತದೆಯೋ ಅದೂ ಗೊತ್ತಿಲ್ಲ. ಈ ಒಬ್ಬಳ ತೋಳಿನಲ್ಲಿ ನಾನು ಕಂಡದ್ದು ಇಷ್ಟು. ಮಣಿ ಕಡಿಮೆಯಾದರೆ ನಡುಕ ಬರುತ್ತಿತ್ತು. ಒಂದು ದಿನ ನಾನೇ ಉದಾರನಾಗಿ ಪೂರ್ತಿ ನೂರು ಮಣಿ ಬಿಟ್ಟೆ, ಆಕೆ ತೂಕಡಿಸಿಬಿಟ್ಟಳು, ಎಚ್ಚರವಾದಾಗ ತೋಳು ಆರಿ ತಣ್ಣಗಾಗಿದ್ದವು. ಇಪ್ಪತ್ತೇ ಸರಿ ಎಂದು ಇಬ್ಬರೂ ಒಪ್ಪಿದೆವು. ಫೆಬ್ರುವರಿ ಮುಗಿಯುವುದರೊಳಗೆ ಚೀಲ ಇಪ್ಪತ್ತು ಕಿಲೋ ಆಯಿತು.

ಆಗ ಖತೀಜಾಬಿ ಬಂದಳು. ಸುದ್ದಿ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅಂಗಳದಲ್ಲಿ ನಿಂತು ಚೀಲವನ್ನು ಕಾಲಿನಿಂದ ಮೆಲ್ಲಗೆ ನೂಕಿ ನೋಡಿದಳು. ಇಬ್ಬರ ನಡುವೆ ಉರ್ದು. ನಾನು ಇದ್ದೇನೆಂದು ಕನ್ನಡಕ್ಕೆ ಹೊರಳಿದರು.

"ಗುಲಾಬ, ಇದು ನಾನೇನು?"

"ಹೂಂ."

"ಇದಕ್ಕ ತಲಿ ಎಲ್ಲೈತಿ? ಕುತ್ತಿಗಿ ಎಲ್ಲೈತಿ? ನಿನಗ ಅಂಜಿಕಿ ಇರೂದು ತಲೀದು. ಜೋಳ ಎತ್ತಿ ಏನು ಮಾಡತಿ? ಸರಿ, ನಾನ ಮಲಗತೇನಿ."

ಬೇಡವೆಂದರೂ ಕೇಳಲಿಲ್ಲ. ಹಲಗೆಯ ಮೇಲೆ ಹಾಸಿಗೆ ಹಾಸಿಸಿಕೊಂಡು, ಚಾದರ ಹೊದ್ದು, ಕಾಲು ನೀಡಿ ಮಲಗಿಯೇಬಿಟ್ಟಳು. ಪರಪುರುಷ ನೋಡಬಾರದಲ್ಲ, ನಾನು ಗೋಡೆಯ ಈಚೆ, ನನ್ನ ಕಟ್ಟೆಯ ಮೇಲೆ, ಅವರಿಗೆ ಬೆನ್ನು ಮಾಡಿ ಕುಳಿತೆ. ಅಂದಿನಿಂದ ದಿನಾ ಮಧ್ಯಾಹ್ನ ನನ್ನ ಕೆಲಸ ಎಣಿಸುವುದು, ಮತ್ತು ಕಿವಿಗೊಟ್ಟು ಕೇಳುವುದು. ಮೊದಲ ದಿನ ಆಕೆ ಖತೀಜಾಬಿಯನ್ನು ಎರಡು ಸಲ ಎತ್ತಿದಳು. ಸದ್ದಾಗಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಜೋಳದ ಚೀಲಕ್ಕಿಂತ ಎಷ್ಟು ದೊಡ್ಡ ಭಾರ ಅದು!

ಆ ಮಧ್ಯಾಹ್ನಗಳ ಬಗ್ಗೆ ಹೇಗೆ ಹೇಳಲಿ? ನನ್ನ ಆಯುಷ್ಯದಲ್ಲಿ ಅಷ್ಟು ಸುಖವಾಗಿ ಸುಮ್ಮನೆ ಕುಳಿತ ನೆನಪಿಲ್ಲ. ಎರಡು ಎತ್ತುವುದು, ಆಮೇಲೆ ಮಣಿಗಳ ಹೊತ್ತು. ಆ ಹೊತ್ತಿನಲ್ಲಿ ಪೇಟೆಯ ಕಡೆಯಿಂದ ಚೀಲ ಹೊಲಿಯುವವರ ಮಾತು ತೇಲಿ ಬರುತ್ತಿತ್ತು, ಬೇವಿನ ಹೂವು ಉದುರುತ್ತಿತ್ತು, ಅದರ ಕಹಿ ಕಂಪು ಮೆಣಸಿನ ಘಾಟಿನೊಳಗೆ ಸೇರಿಕೊಳ್ಳುತ್ತಿತ್ತು. ಮಲಗಿದ ಹೆಣ ಮಾತಾಡುತ್ತಿತ್ತು.

"ಮಯ್ಯತ್ತು ಮಾತಾಡಬಾರದು, ಖತೀಜಾ."

"ಈಗ ದಮ್ಮು ಬಿಡೂ ಹೊತ್ತು. ಮಯ್ಯತ್ತಿಗೂ ಸೂಟಿ."

ಆಮೇಲೆ ಅವರು ಉರ್ದುವಿನಲ್ಲಿ ಏನೇನೋ ಆಡುತ್ತಿದ್ದರು. ನನಗೆ ಅಲ್ಲಲ್ಲಿ ಒಂದೊಂದು ತಿಳಿಯುತ್ತಿತ್ತು. ಅಗಡಿಯ ಹುಣಸೆ ಮರ. ಮದುವೆಯಲ್ಲಿ ಕಳೆದುಹೋದ ಒಂದು ಕಾಲುಂಗುರ. ಒಬ್ಬ ಹಾರ್ಮೋನಿಯಂ ಬಾರಿಸುತ್ತಿದ್ದವನ ಹೆಸರು, ಅದರ ಹಿಂದೆ ಇಬ್ಬರದೂ ನಗು. ನಾನು ಕಣ್ಣು ಮುಚ್ಚಿದರೆ ಅವು ಇಬ್ಬರು ಹದಿನಾರರ ಹುಡುಗಿಯರ ದನಿಗಳು. ಮಣಿಗಳ ಎಣಿಕೆ ಮುಗಿಸಲು ನಾನು ಹತ್ತೊಂಬತ್ತು, ಇಪ್ಪತ್ತು ಎಂದು ಹೇಳಲೇಬೇಕಾಗಿತ್ತು, ಹೇಳಲು ಮನಸ್ಸಾಗುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ಅನಾಹುತವೂ ಆಯಿತು. ಮೊಸರು ಮಾರುವ ಮುದುಕವ್ವ ಗಡಿಗೆ ಹೊತ್ತು ಗುಲಾಬಬಿಯ ಅಂಗಳಕ್ಕೆ ಬಂದಾಗ ಮಣಿಗಳ ಹೊತ್ತು. ಹಲಗೆಯ ಮೇಲೆ ಖತೀಜಾಬಿ ಮುಖದ ತನಕ ಚಾದರ ಹೊದ್ದು ಮಲಗಿದ್ದಾಳೆ, ಪಕ್ಕದಲ್ಲಿ ಗುಲಾಬಬಿ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದಾಳೆ. ಮುದುಕವ್ವ ಒಂದು ಮಾತೂ ಕೇಳಲಿಲ್ಲ. ಗಡಿಗೆ ಅಲ್ಲೇ ಇಳಿಸಿ, ಬಾಯಿ ಬಡಿದುಕೊಳ್ಳುತ್ತ ಪೇಟೆಯ ತನಕ ಓಡಿದಳು. ಪೇಟೆಯಿಂದ ಸುದ್ದಿ ಬಸ್ ಸ್ಟ್ಯಾಂಡಿಗೆ ಹೋಯಿತು, ಅಲ್ಲಿಂದ ಹಾವೇರಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಅಗಡಿಗೆ ಹೋಯಿತು. ನಾಲ್ಕು ಗಂಟೆಗೆ ಖತೀಜಾಬಿಯ ತಮ್ಮ ಬಾಬಾಜಾನ ಆರು ಜನರನ್ನು ಕಟ್ಟಿಕೊಂಡು ಅಳುತ್ತ ಓಣಿಗೆ ಬಂದ. ಅಕ್ಕ ಗುಲಾಬಬಿಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು. ಅವನು ಗಕ್ಕನೆ ನಿಂತ.

"ಸತ್ತೇನಿ ಅಂದ ಕೂಡಲೇ ಎರಡು ತಾಸಿನ್ಯಾಗ ಬಂದಿ" ಎಂದಳು ಖತೀಜಾಬಿ. "ಬದುಕೇನಿ ಅಂತ ಎರಡು ವರ್ಷದಿಂದ ಹೇಳಿ ಕಳಸಾಕತ್ತೇನಿ, ಆಗ ಬಸ್ಸು ಸಿಗಲಿಲ್ಲೇನು?"

ಇಡೀ ಓಣಿ ಬಿದ್ದು ಬಿದ್ದು ನಕ್ಕಿತು. ಬಾಬಾಜಾನನೂ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕ. ಗುಲಾಬಬಿ ಮಾತ್ರ ನಗಲಿಲ್ಲ. ಆಕೆಯ ಮುಖ ಬಿಳಚಿಕೊಂಡಿತ್ತು. ಆಟದಂತೆ ನಡೆದದ್ದು ಒಂದು ದಿನ ನಿಜವಾಗುತ್ತದೆ ಎಂಬುದು ಆ ಅಳುತ್ತ ಬಂದ ಜನರನ್ನು ಕಂಡಾಗ ಆಕೆಗೆ ಹೊಳೆದಿರಬೇಕು. ಮರುದಿನ ಆಕೆ ಹನ್ನೆರಡರ ಬದಲು ಹದಿನಾಲ್ಕು ಎತ್ತಿದಳು.

ರಂಜಾನಿನ ತಿಂಗಳು ಸೂಟಿ ಕೊಟ್ಟೆವು. ಉಪವಾಸದ ಮೈಗೆ ಭಾರ ಬೇಡವೆಂದೆ. ತಿಂಗಳ ನಂತರ ತೋಳು ಪೂರ್ತಿ ಇಳಿದಿರುತ್ತದೆ ಎಂದು ನನಗೆ ಅಂಜಿಕೆ ಇತ್ತು. ಹೆಚ್ಚು ಇಳಿದಿರಲಿಲ್ಲ, ಒಂದು ವಾರದಲ್ಲಿ ಮೊದಲಿನಂತಾಯಿತು. ಬೆಳಿಗ್ಗೆ ಜೋಳದ ಚೀಲ, ಮಧ್ಯಾಹ್ನ ಖತೀಜಾಬಿ. ಚೀಲ ಇಪ್ಪತ್ತೈದು ಕಿಲೋ ಆಯಿತು. ಆಕೆ ಎರಡೂ ಕೊಡ ಹಿಡಿದು ನಲ್ಲಿಯಿಂದ ಬರುವುದನ್ನು ಕಂಡಾಗ ನನಗೆ ನನ್ನ ಶಾಲೆ ಕಪ್ ಗೆದ್ದಾಗಲೂ ಬಾರದ ಹೆಮ್ಮೆ ಬಂತು. ಆದರೆ ಖತೀಜಾಬಿ ಸೊರಗುತ್ತಿದ್ದಳು. ಎರಡು ಓಣಿ ನಡೆದು ಬರಲು ನಾಲ್ಕು ಕಡೆ ಕುಳಿತು ಬರುತ್ತಿದ್ದಳು. ಬರಬೇಡ ಎಂದರೆ, "ನಾನು ಬರದಿದ್ದರ ಆಕಿ ಯಾರನ್ನ ಎತ್ತಬೇಕ್ರಿ, ನಿಮ್ಮನ್ನ?" ಎಂದು ಗೋಡೆಯ ಆಚೆಯಿಂದ ನನ್ನನ್ನೇ ಕೇಳುತ್ತಿದ್ದಳು.

ಬಕ್ರೀದಿಗೆ ಎಂಟು ದಿನ ಇರುವಾಗ, ಒಂದು ಬೆಳಗಿನ ಜಾವ, ನಮಾಜಿಗೆ ಎದ್ದ ಖತೀಜಾಬಿ ತನ್ನ ಮನೆಯ ಗೋಡೆಗೆ ಒರಗಿ ಕುಳಿತಲ್ಲೇ ಹೋದಳು.

ಜಿಟಿಜಿಟಿ ಮಳೆ. ಅವಳ ಮನೆಯ ಹಿತ್ತಲಿನಲ್ಲಿ ಚಾದರಗಳನ್ನು ಕಟ್ಟಿ ಮರೆ ಮಾಡಿದ್ದರು. ಬಾರಿ ಗಿಡದ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಮುಂದಿನ ಅಂಗಳದ ತನಕ ಬರುತ್ತಿತ್ತು. ಒಳಗೆ ಗುಲಾಬಬಿ, ನೀರು ಹಾಕಿಕೊಡಲು ಬಿಸ್ಮಿಲ್ಲಾಬಿ, ಇನ್ನೊಬ್ಬ ಹೆಣ್ಣುಮಗಳು. ಗಂಡಸರು ನಾವು ಹೊರಗೆ ಬೆಂಚಿನ ಮೇಲೆ ಕುಳಿತೆವು. ಬಾಬಾಜಾನ ನನ್ನ ಪಕ್ಕದಲ್ಲಿದ್ದ. ಈ ಸಲ ಓಣಿಗೆ ಬರುವ ಮೊದಲೇ ಅವನ ಅಳು ಬತ್ತಿಹೋಗಿತ್ತು.

ನನಗೆ ಕೇಳಿಸುತ್ತಿದ್ದದ್ದು ನೀರಿನ ಸದ್ದು ಒಂದೇ. ತಂಬಿಗೆಯಿಂದ ಸುರಿಯುವುದು, ಹಲಗೆಯಿಂದ ಇಳಿದು ಮಣ್ಣಿಗೆ ಹರಿಯುವುದು. ಸ್ವಲ್ಪ ಹೊತ್ತಿನ ಮೇಲೆ ಅದು ನಿಂತಿತು. ಈಗ ಎತ್ತುತ್ತಾಳೆ ಎಂದು ನನಗೆ ಗೊತ್ತಾಯಿತು. ಏನೂ ಕೇಳಿಸಲಿಲ್ಲ. ಆಮೇಲೆ ಬಿಸ್ಮಿಲ್ಲಾಬಿಯ ಗಾಬರಿಯ ದನಿ, ಅದರ ಹಿಂದೆ ಗುಲಾಬಬಿಯದು: "ತಡಿ. ಮುಟ್ಟಬ್ಯಾಡ."

"ಯಾಕ್ರಿ ನೀರು ನಿಂತಾವು?" ಎಂದ ಬಾಬಾಜಾನ.

"ಸುಮ್ಮನಿರ್ರಿ" ಎಂದೆ. ನನಗೆ ತಿಳಿಯದೆಯೇ ತುಟಿಯಲ್ಲಿ ಎಣಿಕೆ ಶುರುವಾಗಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಒಂದು ಭಾರವಾದ ಉಸಿರು ಕೇಳಿಸಿತು. ಮತ್ತೆ ನಿಂತಿತು. ನಾನು ಮತ್ತೆ ಒಂದರಿಂದ ಎಣಿಸಿದೆ. ಮಳೆ ಹೆಂಚಿನಿಂದ ಹನಿಯುತ್ತಿತ್ತು. ಮೂರನೆಯ ಇಪ್ಪತ್ತು ಮುಗಿದ ಮೇಲೆ ಮತ್ತೊಮ್ಮೆ ಆ ಉಸಿರು, ಗುಲಾಬಬಿ ಮೆಲುದನಿಯಲ್ಲಿ ಏನೋ ಹೇಳಿದ್ದು, ಸ್ವಲ್ಪ ತಡೆದು ಮತ್ತೆ ನೀರು ಸುರಿಯುವ ಸದ್ದು. ನಡುವೆ ಬೇರೆ ಯಾವ ಸದ್ದೂ ಆಗಲಿಲ್ಲ.

ಮಣ್ಣು ಕೊಟ್ಟು ನಾವು ತಿರುಗಿ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಗುಲಾಬಬಿ ತನ್ನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಮಾಸ್ತರನಲ್ಲವೇ, ಮೊದಲು ಬಾಯಿಗೆ ಬಂದದ್ದು ಶಾಭಾಸ್‌ಗಿರಿಯೇ.

"ಗೆದ್ದಿರಿ, ಬೀಬಕ್ಕಾ. ತಲಿ ಬೀಳಲಿಲ್ಲ."

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ನೀರಿನಲ್ಲಿ ನೆನೆದು ಬೆರಳ ತುದಿಗಳು ಇನ್ನೂ ಸುಕ್ಕಾಗಿದ್ದವು.

"ಮಾಸ್ತರ್ರ, ಆಕಿ ಭಾಳ ಭಾರ ಇದ್ಲ್ರಿ. ನನಗ ಗೊತ್ತ ಇರಲಿಲ್ಲ."

"ಗೊತ್ತಿರಲಿಲ್ಲ ಅಂದ್ರ? ನಾಲ್ಕು ತಿಂಗಳು ದಿನಾ ಎತ್ತೀರಿ."

"ನಾ ಎಲ್ಲಿ ಎತ್ತೇನ್ರಿ? ಆಕಿನ ಏಳತಿದ್ಲು." ಆಕೆ ತೋಳು ಚಾಚಿ ತೋರಿಸಿದಳು. "ನಾ ತೋಳು ಕೊಟ್ಟ ಕೂಡಲೇ ಮೊಣಕೈ ಊರಿ ಆಕಿ ತಾನ ಏಳತಿದ್ಲು. ಚಾದರದ ಒಳಗ ನನಗ ಕಾಣತಿರಲಿಲ್ಲ. ಇವತ್ತು ಕೈ ಹಾಕಿದೆ, ಮೈ ಅಲುಗಲಿಲ್ಲ. ಆಗ ಗೊತ್ತಾತು. ಎಂಥಾ ಎದಿಬ್ಯಾನಿ ಇಟಗೊಂಡು ದಿನಾ ಹನ್ನೆರಡು ಸಲ, ಹದಿನಾಲ್ಕು ಸಲ ಎದ್ದಾಳ್ರಿ, ನನಗ ಧೈರ್ಯ ಬರಲಿ ಅಂತ. ಜೋಳದ ಚೀಲದಿಂದ ಬಂದ ತಾಕತ್ತು ಒಂದ ಇವತ್ತು ನನ್ನ ಕೈಯಾಗ ಉಳಿದದ್ದು. ಗೇಣು ಎತ್ತಿದೆ, ಮೊಣಕಾಲು ಕೊಟ್ಟು ತಡದೆ, ಕುಂತೆ. ಮತ್ತ ಗೇಣು ಎತ್ತಿದೆ."

ಆಕೆಯೇ ಮುಂದುವರಿಸಿದಳು.

"ನಡುನಡುವ ಕುಂದರೂದು ನನ್ನ ಸಲುವಾಗಿ ಅಂತ ತಿಳದಿದ್ದೆ, ಮಾಸ್ತರ್ರ. ಆ ಇಪ್ಪತ್ತು ಮಣಿಯಾಗ ಆಕೀನೂ ದಮ್ಮು ತಗೋತಿದ್ಲು. ನಗತಿದ್ಲಲ್ಲ, ಅದು ದಮ್ಮು ಹತ್ತಿದ್ದು ನನಗ ಕೇಳಬಾರದು ಅಂತ."

ನಾಲ್ಕು ತಿಂಗಳು ಬೆನ್ನು ಮಾಡಿ ಕುಳಿತು ಒಂದು, ಎರಡು ಎಂದು ಎಣಿಸಿದವನು ನಾನು. ಆ ನಗುವನ್ನು ಕಣ್ಣು ಮುಚ್ಚಿ ಕೇಳಿ ಸುಖಪಟ್ಟವನು. ಗೋಡೆಗೆ ಎರಡೂ ಕೈ ಊರಿ, ಆಕೆಯ ಎದುರಿಗೇ, ಮರಿಯವ್ವ ಬಂದು ಕರೆಯುವ ತನಕ ಅತ್ತೆ.